ರಾಮನ್ ಹೇಳಿದ ಇನ್ನೂರು ರೂಪಾಯಿ

ಫೆಬ್ರುವರಿ 28 ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಶಾಲೆಗಳಲ್ಲಿ ಸರ್ ಸಿ.ವಿ. ರಾಮನ್ ಅವರ ಪಟಕ್ಕೆ ಒಂದು ಹೂವಿನ ಹಾರ ಬೀಳುತ್ತದೆ. 1987ರಿಂದ ಈ ದಿನ ರಾಷ್ಟ್ರೀಯ ವಿಜ್ಞಾನ ದಿನ. ವೇದಿಕೆ ಹತ್ತಿದವರು ತಪ್ಪದೆ ಹೇಳುವ ಮಾತೊಂದಿದೆ: ನೊಬೆಲ್ ಪ್ರಶಸ್ತಿ ತಂದುಕೊಟ್ಟ ಸಂಶೋಧನೆಗಾಗಿ ರಾಮನ್ ಉಪಕರಣಗಳ ಮೇಲೆ ಮಾಡಿದ ಖರ್ಚು ಇನ್ನೂರು ರೂಪಾಯಿಯನ್ನೂ ದಾಟಿರಲಿಲ್ಲ. ಮಾತು ರಾಮನ್ನರದೇ. ವಿಜ್ಞಾನದ ಸಾರ ಸ್ವತಂತ್ರ ಆಲೋಚನೆ ಮತ್ತು ದುಡಿಮೆಯಲ್ಲಿದೆ, ಸಲಕರಣೆಯಲ್ಲಿಲ್ಲ ಎನ್ನುವುದಕ್ಕೆ ಅವರು ಈ ಲೆಕ್ಕ ಕೊಡುತ್ತಿದ್ದರು.

ಆದರೆ ಒಂದು ಒಳ್ಳೆಯ ಮಾತು ಊರೂರು ಅಲೆದ ಮೇಲೆ ಏನಾಗುತ್ತದೆ ನೋಡಿ. ಪ್ರಯೋಗಶಾಲೆಗೆ ನಾಲ್ಕು ಹೊಸ ಮಸೂರ ಬೇಕು ಎಂದು ಮೇಷ್ಟ್ರು ಕೇಳಿದರೆ, ಆಡಳಿತದವರು ಇದೇ ಇನ್ನೂರು ರೂಪಾಯಿಯನ್ನು ನೆನಪಿಸುತ್ತಾರೆ. ಮನೆಯಲ್ಲಿ ಅಪ್ಪ ಕೊಬ್ಬರಿ ಮಾರಿ ಬಂದ ದುಡ್ಡನ್ನು ಎಣಿಸುತ್ತ, ‘ಅವರು ಇನ್ನೂರು ರೂಪಾಯಿಯಲ್ಲಿ ನೊಬೆಲ್ ತಂದರು, ನಿನಗೆ ಟ್ಯೂಷನ್ನಿಗೇ ಇಷ್ಟು ಸುರಿದರೂ ಅರವತ್ತು ದಾಟಲಿಲ್ಲ’ ಎಂದು ಮಗನಿಗೆ ಹೇಳುತ್ತಾರೆ. ರಾಮನ್ ಹೇಳಿದ್ದು ಇಬ್ಬರಿಗೂ ಅರ್ಥವಾಗಲಿಲ್ಲವೆಂದೇ ತಿಳಿಯಬೇಕು.

ಲೆಕ್ಕ ಬಿಡಿಸಿ ನೋಡೋಣ. ರಾಮನ್ ದುಡಿದದ್ದು ಕಲ್ಕತ್ತೆಯ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದಲ್ಲಿ. ಅಲ್ಲಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘವನ್ನು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲೇ ಕಟ್ಟಿದ್ದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಹದಿನೆಂಟರ ಹುಡುಗನಿಗೆ ಅಲ್ಲಿ ಕೊಠಡಿಯಿತ್ತು, ಪುಸ್ತಕಗಳಿದ್ದವು, ಆಶುತೋಷ್ ಡೇ ಎಂಬ ನಿಷ್ಠಾವಂತ ಸಹಾಯಕನೂ ಇದ್ದ. ಕಾಲೇಜಿನ ಮೆಟ್ಟಿಲು ಹತ್ತದ ಈ ಆಶುಬಾಬು ಮುಂದೆ ತನ್ನ ಒಬ್ಬನದೇ ಹೆಸರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದ. ಏಳು ಅಂಗುಲದ ದೂರದರ್ಶಕದ ಮಸೂರವೂ ಅಲ್ಲಿತ್ತು. ಇವೆಲ್ಲ ಇನ್ನೂರು ರೂಪಾಯಿಯ ಲೆಕ್ಕಕ್ಕೆ ಸೇರಿಲ್ಲ. ಸಲಕರಣೆ ಬೇಕಾದಾಗ ರಾಮನ್ ಸುಮ್ಮನೆ ಕೂರುವವರೂ ಅಲ್ಲ. ಒಳ್ಳೆಯದೊಂದು ರೋಹಿತಲೇಖಕ ಕೊಡಿಸಿದರೆ ದೇಶಕ್ಕೆ ನೊಬೆಲ್ ತರಬಲ್ಲೆ ಎಂದು ಉದ್ಯಮಿ ಜಿ.ಡಿ. ಬಿರ್ಲಾ ಅವರಿಗೇ ಬರೆದರೆಂದು ಹೇಳುತ್ತಾರೆ. 1930ರಲ್ಲಿ ಪ್ರಶಸ್ತಿ ಘೋಷಣೆಗೆ ತಿಂಗಳುಗಳ ಮೊದಲೇ ಸ್ಟಾಕ್‌ಹೋಮಿಗೆ ಹೋಗಲು ಹಡಗಿನ ಟಿಕೆಟ್ ಕಾದಿರಿಸಿದ್ದ ಆಸಾಮಿ ಅವರು!

ಹಾಗಾದರೆ ಆ ಮಾತಿನ ತಿರುಳೇನು? ಅದನ್ನು ತಿಳಿಯಲು 1921ರ ಒಂದು ಹಡಗು ಪ್ರಯಾಣವನ್ನು ನೋಡಬೇಕು.

ಆ ವರ್ಷ ಆಕ್ಸ್‌ಫರ್ಡಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಿಶ್ವವಿದ್ಯಾಲಯಗಳ ಸಮ್ಮೇಳನ. ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಹೋದ ರಾಮನ್ ‘ನರ್ಕುಂಡ’ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರ ಏಕೆ ನೀಲಿ? ಆ ಕಾಲಕ್ಕೆ ಇದು ಉತ್ತರ ಸಿಕ್ಕಿದ ಪ್ರಶ್ನೆ. ನೀರಿಗೆ ಸ್ವಂತ ಬಣ್ಣವಿಲ್ಲ, ಕಾಣುವುದು ಆಕಾಶದ ನೀಲಿಯ ಪ್ರತಿಬಿಂಬ ಎಂದು ಲಾರ್ಡ್ ರ‍್ಯಾಲೆ ಹೇಳಿಯಾಗಿತ್ತು. ರ‍್ಯಾಲೆ ಅಂದರೆ ಸಾಮಾನ್ಯರಲ್ಲ. ಆಕಾಶ ಏಕೆ ನೀಲಿ ಎಂಬುದನ್ನು ಬಿಡಿಸಿದವರು, 1904ರಲ್ಲಿ ನೊಬೆಲ್ ಪಡೆದವರು. ನಮ್ಮಲ್ಲಾದರೆ ದೊಡ್ಡವರು ಹೇಳಿದ್ದಾರೆ ಎಂದು ನೋಟ್ಸಿಗೆ ಇಳಿಸಿ, ಅಡಿಯಲ್ಲಿ ಕೆಂಪು ಗೆರೆ ಎಳೆದು ಮುಗಿಸುತ್ತಿದ್ದೆವು.

ರಾಮನ್ ಜೇಬಿನಲ್ಲಿ ಒಂದು ನಿಕಲ್ ಪಟ್ಟಕವಿತ್ತು. ಬೆರಳುದ್ದದ ಹರಳು. ನೀರಿನ ಮೇಲ್ಮೈಯಿಂದ ಒಂದು ಗೊತ್ತಾದ ಕೋನದಲ್ಲಿ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಅಂಥ ಬೆಳಕನ್ನು ಈ ಹರಳನ್ನು ತಿರುಗಿಸಿ ತಡೆಯಬಹುದು. ರಾಮನ್ ಹಡಗಿನ ಅಟ್ಟಣೆಯ ಮೇಲೆ ನಿಂತು ಅದರ ಮೂಲಕ ಸಮುದ್ರವನ್ನು ನೋಡಿದರು. ರ‍್ಯಾಲೆ ಸರಿಯಾಗಿದ್ದರೆ, ಮೇಲ್ಮೈಯ ಹೊಳಪು ಅಳಿದೊಡನೆ ನೀಲಿಯೂ ಅಳಿಯಬೇಕಿತ್ತು. ಆದದ್ದು ಬೇರೆ. ಹೊಳಪು ಹೋಯಿತು, ನೀಲಿ ಇನ್ನಷ್ಟು ಗಾಢವಾಗಿ ಎದ್ದು ಕಂಡಿತು. ಬಣ್ಣ ನೀರಿನೊಳಗಿನಿಂದಲೇ ಬರುತ್ತಿತ್ತು. ಹಡಗು ಮುಂಬಯಿ ಬಂದರು ಸೇರುವ ಹೊತ್ತಿಗೆ ‘ನೇಚರ್’ ಪತ್ರಿಕೆಗೆ ಪತ್ರ ಸಿದ್ಧವಾಗಿತ್ತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣ ಎಂದು ರಾಮನ್ ವಾದಿಸಿದರು. ನೀರು ಕೆಂಪು ಬೆಳಕನ್ನು ತುಸು ಹೀರಿಕೊಳ್ಳುವುದಕ್ಕೂ ಇದರಲ್ಲಿ ದೊಡ್ಡ ಪಾಲಿದೆ ಎಂಬುದು ಇಂದಿನ ತಿಳಿವಳಿಕೆ. ಆದರೆ ಸಮುದ್ರದ ನೀಲಿ ಆಕಾಶದಿಂದ ತಂದ ಸಾಲವಲ್ಲ ಎಂಬ ಮಾತು ನಿಂತಿತು.

ಇನ್ನೂರು ರೂಪಾಯಿಯ ಮಾತನ್ನು ಇಲ್ಲಿಟ್ಟು ನೋಡಬೇಕು. ಆ ಹರಳು ಆ ಹಡಗಿನಲ್ಲಿದ್ದ ಬೇರೆಯವರ ಜೇಬಿನಲ್ಲಿದ್ದರೆ ಏನೂ ಆಗುತ್ತಿರಲಿಲ್ಲ. ಸಲಕರಣೆ ಅಗ್ಗದ್ದು ಎಂಬುದಕ್ಕಿಂತ, ಪ್ರಶ್ನೆ ಮೊದಲೇ ತಯಾರಿತ್ತು ಎಂಬುದು ಮುಖ್ಯ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯ. ಆದರೆ ಭಾಷಣಗಳಲ್ಲಿ ಇದು ಬರುವುದು ಕಡಿಮೆ, ಏಕೆಂದರೆ ಇದರಲ್ಲಿ ಮಿಂಚು ಹೊಡೆದಂಥ ಕ್ಷಣವೇ ಇಲ್ಲ. ಕಲ್ಕತ್ತೆಗೆ ಮರಳಿದ ರಾಮನ್ ತಮ್ಮ ಶಿಷ್ಯರನ್ನು ದ್ರವಗಳಲ್ಲಿ ಬೆಳಕು ಚದುರುವುದನ್ನು ಅಳೆಯಲು ಹಚ್ಚಿದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ಒಂದು ಕಿರಿಕಿರಿ ಎದುರಾಯಿತು. ಒಂದು ಬಣ್ಣದ ಬೆಳಕನ್ನು ದ್ರವಕ್ಕೆ ಹಾಯಿಸಿದರೆ ಅದೇ ಬಣ್ಣ ಚದುರಿ ಬರಬೇಕು. ಬರುತ್ತಿತ್ತು ಕೂಡ. ಆದರೆ ಅದರ ಜೊತೆಗೆ ತೀರ ಮಸುಕಾಗಿ ಬೇರೊಂದು ಬಣ್ಣದ ಎಳೆಯೂ ಇಣುಕುತ್ತಿತ್ತು. ದ್ರವದಲ್ಲಿ ಕಲ್ಮಶವಿರಬೇಕು ಎಂದುಕೊಂಡರು. ಬಟ್ಟಿ ಇಳಿಸಿ ಶುದ್ಧ ಮಾಡಿದರು. ಎಳೆ ಹೋಗಲಿಲ್ಲ. ಮತ್ತೆ ಶುದ್ಧ ಮಾಡಿದರು. ಆಗಲೂ ಹೋಗಲಿಲ್ಲ. ‘ದುರ್ಬಲ ಪ್ರತಿದೀಪ್ತಿ’ ಎಂದು ಹೆಸರಿಟ್ಟು ಬರೆದಿಟ್ಟರು. 1925ರಲ್ಲಿ ಕೆ.ಎಸ್. ಕೃಷ್ಣನ್ ಇತರ ದ್ರವಗಳಲ್ಲೂ ಅದನ್ನೇ ಕಂಡರು. ವೆಂಕಟೇಶ್ವರನ್ ಎಂಬ ಮತ್ತೊಬ್ಬ ಸಹೋದ್ಯೋಗಿ ಗ್ಲಿಸರಿನ್‌ನಲ್ಲಿ ನೀಲಿಯ ಬದಲು ಹಸಿರು ಛಾಯೆ ಕಂಡು ತಿಳಿಸಿದರು. 1928ರ ಆರಂಭದಲ್ಲಿ ರಾಮನ್ ಮತ್ತು ಕೃಷ್ಣನ್ ಬೇರೆಲ್ಲ ಕೆಲಸ ಬದಿಗಿಟ್ಟು ಇದರ ಬೆನ್ನು ಹತ್ತಿದರು. ಫೆಬ್ರುವರಿ 28ರಂದು ಪಾದರಸ ದೀಪದ ಬೆಳಕನ್ನು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದಾಗ, ಮೂಲ ಗೆರೆಯಿಂದ ದೂರಕ್ಕೆ ಸರಿದ ಹೊಸ ಗೆರೆಗಳು ಸ್ಪಷ್ಟವಾಗಿ ಕಂಡವು. ಆ ‘ಕಲ್ಮಶ’ವೇ ರಾಮನ್ ಪರಿಣಾಮ.

ಇದಾದ ಹದಿನೇಳನೆಯ ದಿನ, ಮಾರ್ಚ್ 16ರಂದು, ರಾಮನ್ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದರು. ‘ಒಂದು ಹೊಸ ವಿಕಿರಣ’ ಎಂಬುದು ಆ ಉಪನ್ಯಾಸದ ಹೆಸರು. ಜಗತ್ತು ಮುಂದೆ ಮತ್ತೆ ಮತ್ತೆ ಓದಿದ ಆ ಮಾತುಗಳನ್ನು ಮೊದಲು ಕೇಳಿದ್ದು ನಮ್ಮ ತಿಪಟೂರಿನಿಂದ ಅರ್ಧ ದಿನದ ರೈಲು ಪ್ರಯಾಣವೂ ಆಗದಷ್ಟು ದೂರದ ಊರು.

ಪರಿಣಾಮ ಎಂದರೇನು ಎಂದು ಕೇಳುವ ಎಂಟನೇ ತರಗತಿಯ ಮಗುವಿಗೆ ಕೊಬ್ಬರಿ ಮಾರುಕಟ್ಟೆಯ ಉದಾಹರಣೆ ಸಾಕು. ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೈಗಿಡುವ ದಲ್ಲಾಳಿಯಂತೆ, ಅಣು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಗೊತ್ತಾದ ಒಂದು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಕ್ಕೆ ಬಿಡುತ್ತದೆ. ಶಕ್ತಿ ಕಡಿಮೆಯಾದರೆ ಬೆಳಕಿನ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಅಪರೂಪಕ್ಕೆ ಅಣು ತನ್ನ ಕೈಯಿಂದ ಸೇರಿಸಿ ಕೊಡುವುದೂ ಉಂಟು (ದಲ್ಲಾಳಿಗಳಲ್ಲಿ ಇದನ್ನು ಕಂಡವರಿಲ್ಲ). ಬೆಂಜೀನಿನ ಕಮಿಷನ್ ಬೇರೆ, ನೀರಿನದು ಬೇರೆ, ಎಣ್ಣೆಯದು ಬೇರೆ. ಹೀಗಾಗಿ ಬೆಳಕು ಎಷ್ಟು ಕಳೆದುಕೊಂಡಿತೆಂದು ನೋಡಿ ವಸ್ತು ಯಾವುದೆಂದು ಹೇಳಬಹುದು. ಇಂದು ಔಷಧದ ಅಸಲಿತನ ನೋಡಲು, ಎಣ್ಣೆಯ ಕಲಬೆರಕೆ ಹಿಡಿಯಲು ಇದೇ ವಿದ್ಯೆ ಬಳಕೆಯಲ್ಲಿದೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ‘ಪರ್ಸಿವಿಯರೆನ್ಸ್’ ಗಾಡಿ ಕೂಡ ಅಲ್ಲಿನ ಕಲ್ಲುಗಳನ್ನು ಪರೀಕ್ಷಿಸಲು ರಾಮನ್ ಉಪಕರಣ ಹೊತ್ತು ಹೋಯಿತು.

ಈಗ ನಮ್ಮ ಪ್ರಾಕ್ಟಿಕಲ್ ರೆಕಾರ್ಡಿಗೆ ಬರೋಣ. ರಾಮನಾಥನ್ ಆ ಬೇಡದ ಎಳೆಯನ್ನು ‘ಕಲ್ಮಶ’ ಎಂದು ಹೊಡೆದುಹಾಕಿ ಅಚ್ಚುಕಟ್ಟಾದ ಅಂಕಿಗಳನ್ನಷ್ಟೇ ಬರೆದಿದ್ದರೆ ಬೈಯುವವರು ಯಾರೂ ಇರಲಿಲ್ಲ. ನಮ್ಮ ಕಾಲೇಜುಗಳಲ್ಲಿ ನಡೆಯುವುದೇ ಅದು. ಲೋಲಕದ ಪ್ರಯೋಗ ಮಾಡುವ ಹುಡುಗಿಗೆ ಗುರುತ್ವ ವೇಗೋತ್ಕರ್ಷ 9.6 ಬರುತ್ತದೆ. ಪಕ್ಕದವಳು ‘9.8 ಬರಬೇಕಲ್ಲೇ’ ಎನ್ನುತ್ತಾಳೆ. ಅಲ್ಲಿಂದ ಲೆಕ್ಕ ಹಿಮ್ಮುಖವಾಗಿ ಓಡುತ್ತದೆ. ಉತ್ತರ ಮೊದಲು ಬರೆದು, ಅದಕ್ಕೆ ಹೊಂದುವ ರೀಡಿಂಗುಗಳನ್ನು ಆಮೇಲೆ ತುಂಬುತ್ತಾರೆ. ಅಂಕವೂ ಸಿಗುತ್ತದೆ. ಮಗು ಸುಳ್ಳು ಹೇಳಿತೆಂದು ಯಾರಿಗೂ ಅನ್ನಿಸುವುದಿಲ್ಲ. ‘ರೆಕಾರ್ಡ್ ನೀಟಾಗಿದೆ’ ಎಂದು ಹೆತ್ತವರಿಗೂ ಸಮಾಧಾನ.

ಇದರಲ್ಲೊಂದು ತಮಾಷೆಯಿದೆ. 9.8 ಎನ್ನುವುದು ತಿಪಟೂರಿನ ಅಂಕಿಯೇ ಅಲ್ಲ. ಭೂಮಿ ತಿರುಗುವುದರಿಂದಲೂ ನಡುವಿನಲ್ಲಿ ಉಬ್ಬಿರುವುದರಿಂದಲೂ ಸಮಭಾಜಕದ ಕಡೆಗೆ ಬಂದಂತೆ ಗುರುತ್ವ ಕಡಿಮೆ. ಈ ಸೀಮೆ ಸಮುದ್ರಮಟ್ಟದಿಂದ ಎಂಟುನೂರು ಮೀಟರಿನಷ್ಟು ಎತ್ತರದಲ್ಲೂ ಇದೆ. ಎಲ್ಲ ಸೇರಿ ಇಲ್ಲಿಯ ಬೆಲೆ ಸುಮಾರು 9.78. ತೋಟದಲ್ಲಿ ಉದುರಿದ ನಿಂಬೆಗಾತ್ರದ ತೆಂಗಿನ ಹರಳೊಂದನ್ನು ದಾರಕ್ಕೆ ಕಟ್ಟಿ, ದಾರದ ಗಂಟಿನಿಂದ ಹರಳಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ತೂಗುಬಿಟ್ಟು, ಇಪ್ಪತ್ತು ತೂಗಾಟಕ್ಕೆ ಹಿಡಿಯುವ ಹೊತ್ತನ್ನು ನೋಡಿ. ಸುಮಾರು 40.2 ಸೆಕೆಂಡ್ ಬರಬೇಕು. ಗಡಿಯಾರ ಒತ್ತುವಾಗ ಅರ್ಧ ಸೆಕೆಂಡ್ ತಪ್ಪಿದರೆ ಉತ್ತರ 9.5ಕ್ಕೆ ಇಳಿಯಬಹುದು, ಇಲ್ಲವೆ 10 ಮುಟ್ಟಬಹುದು. ಅಂದರೆ 9.6 ಬರೆದ ಹುಡುಗಿ ತಪ್ಪು ಮಾಡಿಲ್ಲ. ಅವಳ ಕೈಯಲ್ಲಿದ್ದ ಸಲಕರಣೆ ಅಷ್ಟರಮಟ್ಟಿಗೆ ಮಾತ್ರ ನಿಜ ಹೇಳಬಲ್ಲದು. ನೂರು ತೂಗಾಟ ಎಣಿಸಿದರೆ ಇನ್ನೂ ಹತ್ತಿರ ಹೋಗುತ್ತಾಳೆ. 9.8ಕ್ಕೆ ತಿದ್ದಿದ ಕ್ಷಣ ಈ ದಾರಿ ಮುಚ್ಚಿಹೋಗುತ್ತದೆ.

ರಾಮನ್ನರ ಶಿಷ್ಯೆ ಅಣ್ಣಾ ಮಣಿ ಇದನ್ನು ಇನ್ನೂ ಬಿಗಿಯಾಗಿ ಹೇಳುತ್ತಿದ್ದರು: ಅಳತೆಯೇ ಇಲ್ಲದಿರುವುದಕ್ಕಿಂತ ತಪ್ಪು ಅಳತೆ ಕೆಟ್ಟದ್ದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಈಕೆ 1940ರಲ್ಲಿ ಬೆಂಗಳೂರಿಗೆ ಬಂದು ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದರು. ಒಂದು ಫೋಟೋ ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕಾಗುತ್ತಿತ್ತು, ಪ್ರಯೋಗಶಾಲೆಯಲ್ಲೇ ನಿದ್ದೆ. ಎಂ.ಎಸ್ಸಿ. ಇಲ್ಲ ಎಂಬ ನೆಪಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ದೇಶದಲ್ಲೇ ತಯಾರಿಸಿ ಒಂದೇ ಮಟ್ಟಕ್ಕೆ ತಂದವರು ಅವರು. ಮಳೆಯನ್ನು ನಂಬಿ ಬದುಕುವ ನಮ್ಮ ಕಡೆಯ ರೈತನಿಗೆ ಈ ಹೆಸರು ರಾಮನ್ನರ ಹೆಸರಿನಷ್ಟೇ ಪರಿಚಿತವಾಗಬೇಕಿತ್ತು.

ಅಣ್ಣಾ ಮಣಿ ಬರುವ ಏಳು ವರ್ಷ ಮೊದಲು ಆ ಸಂಸ್ಥೆಯಲ್ಲಿ ನಡೆದದ್ದನ್ನು ಮುಚ್ಚಿಡಬಾರದು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅದೇ ವರ್ಷ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಮೊದಲಿಗಳಾಗಿ ತೇರ್ಗಡೆಯಾದ ಕಮಲಾ ಭಾಗವತ್ ಪ್ರವೇಶ ಕೇಳಿದಾಗ, ಹೆಣ್ಣುಮಗಳೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಬಿಡಲಿಲ್ಲ. ಗಾಂಧಿಯ ದಾರಿ ಹಿಡಿದು ಸತ್ಯಾಗ್ರಹಕ್ಕೆ ಕುಳಿತರು. ಒಂದು ವರ್ಷ ಪರೀಕ್ಷಾರ್ಥವಾಗಿ, ಅವಮಾನಕರ ಷರತ್ತುಗಳ ಮೇಲೆ ಒಳಗೆ ಬಿಟ್ಟರು. ವರ್ಷ ಕಳೆದಾಗ ಆಕೆಯ ಕೆಲಸ ನೋಡಿ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಈಕೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಸಮುದ್ರದ ವಿಷಯದಲ್ಲಿ ರ‍್ಯಾಲೆಯ ಮಾತನ್ನು ನೋಡದೆ ಒಪ್ಪದಿದ್ದ ರಾಮನ್, ಹೆಣ್ಣುಮಕ್ಕಳ ವಿಷಯದಲ್ಲಿ ಕಾಲದ ಮಾತನ್ನು ನೋಡದೆಯೇ ಒಪ್ಪಿದ್ದರು. ಅವರನ್ನು ತಿದ್ದಿದ್ದು ಒಬ್ಬ ಹುಡುಗಿ. ಪಿಯುಸಿ ಮುಗಿದ ಮಗಳಿಗೆ ವಿಜ್ಞಾನ ಬೇಡ, ದೂರದ ಊರು ಬೇಡ ಎನ್ನುವ ತಂದೆ ತಾಯಿಗಳು ಈ ಪ್ರಸಂಗವನ್ನು ಎರಡು ಸಲ ಓದುವುದು ಒಳ್ಳೆಯದು.

ಹಳ್ಳಿಯ ಮಕ್ಕಳಿಗೆ ರಾಮನ್ನರ ಮಾತುಗಳಲ್ಲಿ ಹೆಚ್ಚು ಬೇಕಾದದ್ದು ಬಹುಶಃ ಧೈರ್ಯದ ಮಾತು. ಭಾರತೀಯರ ಬುದ್ಧಿ ಯಾವ ಐರೋಪ್ಯರ ಬುದ್ಧಿಗೂ ಕಡಿಮೆಯಲ್ಲ, ನಮಗೆ ಕೊರತೆಯಿರುವುದು ಧೈರ್ಯದ್ದು, ಕೀಳರಿಮೆ ನಮ್ಮನ್ನು ತಿನ್ನುತ್ತಿದೆ ಎಂದು ಅವರು ಕೊನೆಗಾಲದಲ್ಲಿ ಯುವಕರಿಗೆ ಹೇಳಿದರು. ವಿಜ್ಞಾನವನ್ನು ತಾಯ್ನುಡಿಯಲ್ಲಿ ಕಲಿಸದಿದ್ದರೆ ಅದು ಮೇಲಿನವರ ಸೊತ್ತಾಗಿ ಉಳಿಯುತ್ತದೆ ಎಂಬ ಮಾತೂ ಅವರ ಹೆಸರಿನಲ್ಲಿ ಪ್ರಚಲಿತ. ತುರುವೇಕೆರೆಯ ಕನ್ನಡ ಮಾಧ್ಯಮದ ಹುಡುಗ ಬೆಂಗಳೂರಿನ ಕಾಲೇಜಿನಲ್ಲಿ ಪ್ರಶ್ನೆ ಕೇಳಲು ಹೆದರಿ ಹಿಂದಿನ ಬೆಂಚಿನಲ್ಲಿ ಕೂರುವುದನ್ನು ಕಂಡವರಿಗೆ ಇದರ ಬಿಸಿ ಗೊತ್ತು.

1968ರ ಡಿಸೆಂಬರ್ 22ರಂದು ಎಂಬತ್ತರ ರಾಮನ್ ಅಹಮದಾಬಾದಿನಲ್ಲಿ ಒಂದು ವಿಜ್ಞಾನ ಕೇಂದ್ರಕ್ಕೆ ಅಡಿಗಲ್ಲಿಟ್ಟು ಮಾತನಾಡಿದರು. ವಿಷಯ: ಆಕಾಶ ಏಕೆ ನೀಲಿ? ಉತ್ತರ ಹೇಳಿ ಮುಗಿಸುವ ಆತುರ ಅವರಿಗಿರಲಿಲ್ಲ. ತಲೆಯೆತ್ತಿ ನೋಡುವುದು, ಕೇಳಿಕೊಳ್ಳುವುದು, ಪುಸ್ತಕಕ್ಕಿಂತ ಮೊದಲು ಕಣ್ಣು ತೆರೆಯುವುದು, ಇದೇ ವಿಜ್ಞಾನ ಕಲಿಯುವ ಬಗೆ ಎಂಬುದು ಅವರ ಮಾತಿನ ಹುರುಳು.

ತೆಂಗಿನ ಸೀಮೆಯ ಮಕ್ಕಳಿಗೆ ಕಣ್ಣು ತೆರೆಯಲು ಬೇಕಾದಷ್ಟಿದೆ. ಮಧ್ಯಾಹ್ನ ತೋಟದ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ನೋಡಿ. ಗರಿಗಳ ನಡುವಿನ ಸಂದು ಉದ್ದಕ್ಕೋ ಓರೆಯಾಗೋ ಇರುತ್ತದೆ, ನೆಲದ ಮೇಲಿನ ಚುಕ್ಕೆ ಮಾತ್ರ ಗುಂಡಗೆ. ಏಕೆ? ಪ್ರತಿಯೊಂದು ಚುಕ್ಕೆಯೂ ಸೂರ್ಯನ ಬಿಂಬ, ಗರಿಯ ಸಂದು ಸೂಜಿರಂಧ್ರದ ಕ್ಯಾಮೆರಾ. 2019ರ ಡಿಸೆಂಬರ್ 26ರ ಗ್ರಹಣದಂದು ಮರದಡಿ ನೋಡಿದವರಿಗೆ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಕಂಡದ್ದು ಇದರಿಂದಲೇ. ಸೂರ್ಯನ ದೂರ ಅದರ ವ್ಯಾಸದ ಸುಮಾರು 108 ಪಟ್ಟು. ಜಪಮಾಲೆ ನೆನಪಾದರೆ ಅದನ್ನು ಸ್ವಲ್ಪ ಬದಿಗಿಡಿ, ಇದು ಅಳತೆ. ಚುಕ್ಕೆಯ ಅಡ್ಡಗಲ 10 ಸೆಂಟಿಮೀಟರ್ ಇದ್ದರೆ, ಬೆಳಕು ತೂರಿಬಂದ ಸಂದು ಸುಮಾರು 1,080 ಸೆಂಟಿಮೀಟರ್, ಅಂದರೆ ಹತ್ತೂಮುಕ್ಕಾಲು ಮೀಟರ್ ದೂರದಲ್ಲಿದೆ. ಸೂರ್ಯ ನೆತ್ತಿಯ ಮೇಲಿದ್ದರೆ ಅದೇ ಎತ್ತರ. ಮರ ಹತ್ತದೆ, ಕಾಸು ಖರ್ಚಿಲ್ಲದೆ, ಅಡಿಪಟ್ಟಿಯೊಂದರಿಂದ ಗರಿಯ ಎತ್ತರ ಸಿಕ್ಕಿತು.

ಕಿವಿಗೂ ಕೆಲಸವಿದೆ. ರಾಮನ್ ಬೆಳಕಿನ ಚದುರುವಿಕೆಗೆ ಕೈ ಹಾಕುವ ಮೊದಲೇ ವೀಣೆ, ತಂಬೂರಿ, ಪಿಟೀಲುಗಳ ನಾದದ ಬೆನ್ನು ಹತ್ತಿದ್ದವರು. ಬರಿಯ ಚರ್ಮ ಬಿಗಿದ ವಾದ್ಯ ಗದ್ದಲವನ್ನಷ್ಟೇ ಮಾಡುತ್ತದೆ. ಮೃದಂಗದ ನಡುವೆ ಮೆತ್ತಿದ ಕಪ್ಪು ಕರಣೆ ಅದನ್ನು ತಂತಿವಾದ್ಯದಂತೆ ಶ್ರುತಿಬದ್ಧಗೊಳಿಸುತ್ತದೆ ಎಂದು ಅವರು 1920ರಲ್ಲಿ ‘ನೇಚರ್’ನಲ್ಲಿ ಬರೆದು ತೋರಿಸಿದರು. ಹೆಸರಿಲ್ಲದ ಯಾವುದೋ ಕುಶಲಕರ್ಮಿ ಕಿವಿಯಿಂದ ಕಂಡುಕೊಂಡದ್ದಕ್ಕೆ ರಾಮನ್ ಲೆಕ್ಕ ಕೊಟ್ಟರು.

ಅಂಥ ಕಿವಿ ನಮ್ಮ ಮನೆಗಳಲ್ಲೂ ಇದೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಎಂಟು ಹತ್ತು ತಿಂಗಳು ಅಲ್ಲೇ ಇರುತ್ತದೆ. ಅಜ್ಜಿ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾಳೆ. ಮೊದಲು ನೀರಿನ ಕುಲುಕು. ನೀರು ಇಂಗುತ್ತ ಬಂದಂತೆ ಅದು ಸಣ್ಣದಾಗುತ್ತದೆ. ಕೊನೆಗೆ ತಿರುಳು ಒಣಗಿ ಕರಟದಿಂದ ಬಿಟ್ಟುಕೊಂಡಾಗ ಗಡಗಡ ಸದ್ದು. ಒಡೆಯದೆಯೇ ಒಳಗಿನ ಸ್ಥಿತಿಯನ್ನು ಹೇಳುವ ಈ ಪರೀಕ್ಷೆಯನ್ನು ಅಜ್ಜಿ ಎಲ್ಲೂ ಬರೆದಿಟ್ಟಿಲ್ಲ. ಬರೆಯುವ ಕೆಲಸ ಮೊಮ್ಮಕ್ಕಳದು. ಈ ಸಲ ಕಾಯಿ ಅಟ್ಟಕ್ಕೆ ಹೋಗುವಾಗ ಹತ್ತು ಕಾಯಿಗಳ ಮೇಲೆ ಬಣ್ಣದಲ್ಲಿ ಅಂಕಿ ಹಾಕಿ. ತಿಂಗಳಿಗೊಮ್ಮೆ ಇಳಿಸಿ, ಒಂದೇ ತಕ್ಕಡಿಯಲ್ಲಿ ತೂಗಿ, ಅಲ್ಲಾಡಿಸಿ, ತೂಕವನ್ನೂ ಸದ್ದಿನ ಬಗೆಯನ್ನೂ ತಾರೀಖಿನೊಡನೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಡಗಡ ಶುರುವಾಗುವಾಗ ತೂಕ ಎಷ್ಟು ಇಳಿದಿತ್ತು, ಹತ್ತಕ್ಕೂ ಅದು ಒಂದೇ ತಿಂಗಳಲ್ಲಿ ಆಯಿತೇ, ಅಟ್ಟದ ಒಲೆಯ ಕಡೆಗಿದ್ದವು ಮೊದಲು ಒಣಗಿದವೇ ಎಂದು ನೋಡಿ. ಹತ್ತರಲ್ಲಿ ಒಂದು ಕೊಳೆತುಹೋದರೆ ಅದರ ಸಾಲನ್ನು ಅಳಿಸಬೇಡಿ. ಯಾವ ತಿಂಗಳು, ಎಷ್ಟು ತೂಕವಿದ್ದಾಗ ಕೊಳೆಯಿತೆಂದು ಅದನ್ನೂ ಬರೆಯಿರಿ.